ಹಿಂದಕ್ಕೆ ಹೋಗದ ಗಾಡಿ

ನಮ್ಮ ಕಾಕಾನ ಕಾರು ಮುಂದಕ್ಕೆ ಚೆನ್ನಾಗಿಯೇ ಹೋಗುತ್ತಿತ್ತು. ಹಿಂದಕ್ಕೆ ಮಾತ್ರ ಒಂದು ಗೇಣೂ ಹೋಗುತ್ತಿರಲಿಲ್ಲ. ಇಂಥ ಸ್ವಭಾವದ ಮನುಷ್ಯರನ್ನು ನಾನು ನಮ್ಮ ಮನೆತನದಲ್ಲೇ ಬೇಕಾದಷ್ಟು ಕಂಡಿದ್ದೆ. ಯಂತ್ರಕ್ಕೂ ಹೀಗಾಗುತ್ತದೆ ಎನ್ನುವುದು ಆಗಲೇ ಗೊತ್ತಾದದ್ದು.

ಎಂಬತ್ತರ ಆಸುಪಾಸಿನ ಮಾತು. ನಾನು ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ನಮ್ಮಪ್ಪನ ತಮ್ಮ, ಅಂದರೆ ಕಾಕಾ, ಮುಂಡರಗಿಯಲ್ಲಿ ಡಾಕ್ಟರು. ಸುತ್ತಲಿನ ಹಳ್ಳಿಗಳಿಗೆ ಹೋಗಿ ಬರಲು ಅವನಿಗೆ ಕಾರು ಬೇಕಾಯಿತು. ಆಗ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಕಿಯ ತವರು ಮಹಾರಾಷ್ಟ್ರದ ಸಾಂಗ್ಲಿ. ಅಲ್ಲಿ ಅವಳ ಅಣ್ಣ ಎಂದೋ ಹೆಸರು ಬರೆಸಿದ್ದ, ಅವನ ಪಾಳಿ ಬಂದಿತ್ತು. ಅವನು ಆ ಪಾಳಿಯನ್ನು ತಂಗಿಗೆ ಬಿಟ್ಟುಕೊಟ್ಟ. ಹೀಗಾಗಿ ಕಾರು ಕಾಕಿಯ ಹೆಸರಿನಲ್ಲಿ, ಅವಳ ತವರುಮನೆಯ ವಿಳಾಸದಲ್ಲಿ ನೋಂದಣಿಯಾಯಿತು. ನೋಂದಣಿಗೆ ನಮ್ಮ ಕಡೆ 'ಪಾಸಿಂಗ್' ಎನ್ನುತ್ತಾರೆ. ಮುಂಡರಗಿಯ ಜನ ಹಲಗೆಯ ಮೇಲಿನ ಪರವೂರಿನ ನಂಬರು ಓದಿ, "ಇದು ಸಾಂಗ್ಲಿ ಪಾಸಿಂಗ್ ಗಾಡಿ, ಡಾಕ್ಟರ ಹೇಣ್ತಿ ಇದ್ದಂಗ," ಎಂದು ನಗುತ್ತಿದ್ದರು.

ಕಾಕಿಯ ಅಣ್ಣನೇ ಕಾರು ಓಡಿಸಿಕೊಂಡು ಮುಂಡರಗಿಗೆ ತಂದ. ಕಾಕಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಕಾಕಾ ಮಾತ್ರ ಕಾರಿನೊಳಗೆ ತಲೆ ಹಾಕಿ ಮೀಟರು ನೋಡಿದ. ಸಾಂಗ್ಲಿಯಿಂದ ಮುಂಡರಗಿಯವರೆಗಿನ ದಾರಿಗಿಂತ ಬಹಳ ಹೆಚ್ಚು ಓಡಿತ್ತು. ಕೇಳಿದಾಗ ಭಾವಮೈದ ನಕ್ಕು, ಹೊಸ ಗಾಡಿಗೆ ವಾಡಿ ಕ್ಷೇತ್ರದ ದತ್ತನ ದರ್ಶನ ಮಾಡಿಸಿದೆವು, ಗೆಳೆಯರನ್ನೂ ಒಂದಿಷ್ಟು ಸುತ್ತಾಡಿಸಿದೆ ಎಂದ. ಕಾಕಾ ಎಲ್ಲರ ಎದುರಿಗೇ, "ಹಂಗಾರ ಇದು ಹೊಸಾದಲ್ಲ. ಉಟ್ಟು ಬಿಟ್ಟ ಸೀರಿ ತಂದು ಕೊಟ್ಟಂಗಾತು," ಎಂದುಬಿಟ್ಟ. ಬಂದವನು ಊಟಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡಿಗೆ ನಡೆದುಹೋದ. ಕಾಕಿಯ ಕೈಯ ಆರತಿ ತಟ್ಟೆ ಹಾಗೆಯೇ ಇತ್ತು.

ಅಂದಿನಿಂದ ಎರಡೂ ಮನೆಗಳ ನಡುವೆ ಹೋಗಿಬರುವುದು ನಿಂತಿತು. ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ತನ್ನಷ್ಟಕ್ಕೆ ತಾನು ತವರಿಗೆ ಹೊರಡುವುದಿಲ್ಲ. ಅಲ್ಲಿಂದ ಯಾರಾದರೂ ಕರೆಯಲು ಬರಬೇಕು, ಇಲ್ಲಿಯವರು ಕಳಿಸಬೇಕು. ಶ್ರಾವಣದ ಪಂಚಮಿಗಂತೂ ಅಣ್ಣತಮ್ಮಂದಿರು ಬಂದೇ ಬರುತ್ತಾರೆ. ಆ ವರ್ಷ ಓಣಿಯ ಸೊಸೆಯಂದಿರೆಲ್ಲ ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು ಹೋದರು. ಕಾಕಿಯನ್ನು ಕರೆಯಲು ಯಾರೂ ಬರಲಿಲ್ಲ. ಅವಳ ತಾಯಿಗೆ ಮೊಣಕಾಲು ಹಿಡಿದು ಏಳಲು ಕೂರಲು ಕಷ್ಟ ಎಂಬ ಖಬರ ಯಾರ ಮೂಲಕವೋ ಬಂದಿತ್ತು. ಕಾಕಿ ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಆದರೆ ಈ ಒಂದು ವಿಷಯದಲ್ಲಿ ಅವಳು ಬಾಯಿ ಬಿಡಲಿಲ್ಲ. ತಾಯಿಯನ್ನು ನೋಡಬೇಕು ಎನ್ನುವುದು ಅವಳ ಮುಖದಲ್ಲಿ ಎಲ್ಲರಿಗೂ ಕಾಣುತ್ತಿತ್ತು, ಕಾಕಾ ಒಬ್ಬನನ್ನು ಬಿಟ್ಟು.

ಅದೇ ಹೊತ್ತಿಗೆ ಕಾರಿನ ರಿವರ್ಸ್ ಗೇರು ಕೈಕೊಟ್ಟಿತು. ಸ್ಟಿಯರಿಂಗಿನ ಪಕ್ಕದ ಗೇರಿನ ಕಡ್ಡಿಯನ್ನು ಎಷ್ಟು ಎಳೆದರೂ ಗೇರು ಬೀಳುತ್ತಿರಲಿಲ್ಲ. ಹಿಂದಕ್ಕೆ ಹೋಗದ ಗಾಡಿಯೊಡನೆ ಬಾಳುವೆ ಮಾಡುವುದು ಹೇಗೆ ಎಂದು ನೋಡಲು ನಾನು ರವಿವಾರಗಳಲ್ಲಿ ಮುಂಡರಗಿಗೆ ಹೋಗತೊಡಗಿದೆ. ಅದೇ ಕಾರಿನಲ್ಲಿ ಓಡಿಸುವುದನ್ನೂ ಕಲಿತಿದ್ದೆ. ಹರ್ತಿಗೆ ಹೋದರೆ ಗಾಡಿ ತಿರುಗಿಸಲು ಗುಡಿಯನ್ನು ಒಂದು ಸುತ್ತು ಹಾಕಲೇಬೇಕಿತ್ತು. ಡಾಕ್ಟರು ಭಾಳ ದೈವಭಕ್ತರು, ರೋಗಿಯನ್ನು ನೋಡುವ ಮೊದಲು ಪ್ರದಕ್ಷಿಣೆ ಹಾಕುತ್ತಾರೆ ಎಂದು ಅಲ್ಲಿ ಸುದ್ದಿಯಾಯಿತು. ದೇವರಿಗೆ ಕೈಮುಗಿಯದ ನಮ್ಮ ಕಾಕಾನಿಗೆ ಸಿಕ್ಕ ಈ ಹೆಸರು ನನಗೆ ತುಂಬ ಖುಷಿ ಕೊಟ್ಟಿತು. ಯಳವತ್ತಿಯಲ್ಲಿ ಒಂದು ಕುರುಡು ಓಣಿಯೊಳಗೆ ನುಗ್ಗಿದಾಗ ಮಾತ್ರ ಹತ್ತಾರು ಜನ ಬಂದು ಹಿಂದಕ್ಕೆ ದಬ್ಬಬೇಕಾಯಿತು.

ಬೆಟಗೇರಿಯಲ್ಲಿ ಒಬ್ಬ ಹಳೆಯ ಮಿಸ್ತ್ರಿ ಇದ್ದ. ಅವನಿಗೆ ತೋರಿಸಿದೆವು. ಅವನು ಕೆಳಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡ.

"ನಾ ಬಿಚ್ಚಬಹುದ್ರಿ. ಬಿಚ್ಚಿದೆ ಅಂದ್ರ ನಿಮ್ಮ ಗ್ಯಾರಂಟಿ ಹೋತು. ಎಲ್ಲಿ ತಗೊಂಡೀರಿ ಅಲ್ಲೇ ಒಯ್ರಿ. ಜಲ್ದಿ ಒಯ್ರಿ, ಮುದ್ದತ ಮುಗ್ಯಾಕ ಬಂದೈತಿ."

ಹುಬ್ಬಳ್ಳಿಯಲ್ಲಿ ಕೇಳಿದರೂ ಅದೇ ಮಾತು. ಪರರಾಜ್ಯದ ಪಾಸಿಂಗ್, ಪರರಾಜ್ಯದಲ್ಲಿ ಮಾರಿದ ಗಾಡಿ, ಅಲ್ಲಿಗೇ ಹೋಗಿ. ದೀಪಾವಳಿ ಮುಗಿಯುವುದರೊಳಗೆ ಗಡಿ ದಾಟಿ ಸಾಂಗ್ಲಿಯ ಗ್ಯಾರೇಜು ಮುಟ್ಟಿಸದಿದ್ದರೆ ಪುಕ್ಕಟೆ ರಿಪೇರಿ ಇಲ್ಲ. ಕಾಕಾ ಪೋಸ್ಟ್ ಆಫೀಸಿನಿಂದ ಸಾಂಗ್ಲಿಗೆ ಟ್ರಂಕ್ ಕಾಲ್ ಮಾಡಿದ. ಗ್ಯಾರೇಜಿನವರು, ಗಾಡಿ ಯಾರ ಹೆಸರಿಗಿದೆಯೋ ಅವರನ್ನೇ ಕರೆದುಕೊಂಡು ಬನ್ನಿ, ಅವರ ಸಹಿ ಬೇಕು ಎಂದರು.

ಕಾಕಾ ಇಕ್ಕಟ್ಟಿಗೆ ಸಿಕ್ಕಿಬಿದ್ದ. ಹೆಂಡತಿಯನ್ನು ಸಾಂಗ್ಲಿಗೆ ಕಳಿಸುವುದೆಂದರೆ ತಾನು ಸೋತಂತೆ. ಕಳಿಸದಿದ್ದರೆ ಗುಡಿ ಸುತ್ತುವುದು ತಪ್ಪುವುದಿಲ್ಲ. ಕಾಕಿಯೂ ಗಟ್ಟಿಯೇ. "ಕರಿಯಾಕ ಬರಲಾರದ ನಾ ಹೆಂಗ ಹೋಗ್ಲಿ? ನನಗೂ ಮಾನ ಐತಿ," ಎಂದು ಕೂತಳು. ಹೋಗಬೇಕೆಂದು ಜೀವ ಹಾತೊರೆಯುತ್ತಿದ್ದರೂ ಅವಳು ಹೀಗೆ ಹೇಳಿದ್ದು ಕೇಳಿ ನನಗೆ ಸಿಟ್ಟೂ ಬಂತು, ಆಶ್ಚರ್ಯವೂ ಆಯಿತು.

ಇದನ್ನು ಬಿಡಿಸಿದವನು ನಮ್ಮಜ್ಜ, ಕಾಕಾನ ತಂದೆ. ಅವನು ಶಿರಹಟ್ಟಿಯಲ್ಲಿ ನಮ್ಮಪ್ಪ ಅವ್ವನ ಜೊತೆ ಇದ್ದ. ಸ್ವಾತಂತ್ರ್ಯಕ್ಕೆ ಮೊದಲು ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಗದಗ ಮುಂಡರಗಿ ಇಂಗ್ರೇಜರಿಗೆ. ಅಜ್ಜ ಸಾಂಗ್ಲಿ ಸಂಸ್ಥಾನದ ಕಚೇರಿಯಲ್ಲಿ ಕಾರಕೂನನಾಗಿದ್ದವನು. ಸಾಂಗ್ಲಿ ಎಂದರೆ ಅವನಿಗೆ ಇನ್ನೂ ರಾಜಧಾನಿ. ಅವನು ಬಸ್ಸಿನಲ್ಲಿ ಮುಂಡರಗಿಗೆ ಬಂದು, ನಡುಮನೆಯಲ್ಲಿ ಕೂತು, ಸೊಸೆಯನ್ನು ಕರೆದ.

"ಗಾಡಿ ಯಾರ ಹೆಸರಿಗೈತಿ?"

"ನನ್ನ ಹೆಸರಿಗ್ರಿ ಮಾವಾರ."

"ಕಂಪನಿಯವರು ಯಾರನ್ನ ಕರಕೊಂಡು ಬಾ ಅಂದಾರ?"

"ನನ್ನ."

"ಸಾಂಗ್ಲಿಯಿಂದ ಕರದಾರೋ ಇಲ್ಲೋ?"

"ಕರದಾರ್ರಿ."

"ಆತಲ್ಲ. ಸಾಂಗ್ಲಿಯಿಂದ ಕರಿ ಬಂದೈತಿ. ಗಂಟು ಕಟ್ಟು. ನಾನೂ ಬರತೀನಿ."

ಕಾಕಾ ಒಂದು ಶರತ್ತು ಹಾಕಿದ. "ಗ್ಯಾರೇಜಿಗೆ ಹೋಗು. ಸಹಿ ಮಾಡು. ಬಾ. ಆ ಮನಿ ಹೊಸ್ತಲಾ ತುಳೀಬ್ಯಾಡ." ಕಾಕಿ ಅವನ ಮುಖ ನೋಡಿ, "ಆತು, ತುಳ್ಯಂಗಿಲ್ಲ," ಎಂದಳು. ಅಂದು ಸಂಜೆ ಕೂತು ಒಂದು ದೊಡ್ಡ ಡಬ್ಬಿ ತುಂಬ ಶೇಂಗಾ ಹೋಳಿಗೆ ಮಾಡಿದಳು. ಹೊರಟವರು ಮೂರು ಜನ, ಹೋಳಿಗೆ ಒಂದು ಮದುವೆಗೆ ಆಗುವಷ್ಟು. ಯಾರಿಗೆ ಎಂದು ಕಾಕಾ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ದೀಪಾವಳಿ ರಜೆಯಲ್ಲಿ ಹೊರಟೆವು. ನಾನು ಓಡಿಸುವವನು, ಪಕ್ಕದಲ್ಲಿ ಅಜ್ಜ, ಹಿಂದೆ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡ ಕಾಕಿ. ಶಿರಹಟ್ಟಿ ದಾಟಿದ ಮೇಲೆ ಅಜ್ಜ ಒಂದು ಹಳ್ಳದ ಹತ್ತಿರ ಗಾಡಿ ನಿಲ್ಲಿಸಲು ಹೇಳಿದ. ಇಲ್ಲಿಗೆ ಸಾಂಗ್ಲಿ ಮುಗಿದು ಮಿರಜ ಶುರುವಾಗುತ್ತಿತ್ತು ಎಂದು ಕೈಚಾಚಿ ತೋರಿಸಿದ. ನಾನು ಇಳಿದು ನೋಡಿದೆ. ಈ ಕಡೆಯೂ ಎರೆ ಹೊಲ, ಆ ಕಡೆಯೂ ಎರೆ ಹೊಲ. ದಿನಾ ಸಾಯಿಕಲ್ಲಿನ ಮೇಲೆ ಶಾಲೆಗೆ ಓಡಾಡಿದ ದಾರಿಯಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತಿದ್ದೆನೆಂದು ನನಗೆ ತಿಳಿದೇ ಇರಲಿಲ್ಲ. "ಇಲ್ಲಿ ಗಡಿ ನಾಕಾ ಇತ್ತೇನಜ್ಜಾ?" ಎಂದು ಕೇಳಿದೆ. "ಇತ್ತು. ನಾಕಾದವ ನಮ್ಮ ಬೀಗ," ಎಂದ. ಅಂಥ ಗಡಿ ಇದ್ದರೆ ಎಷ್ಟು ಸುಖ ಎಂದು ಯೋಚಿಸುತ್ತ ಮುಂದೆ ಹೊರಟೆ.

ದಾರಿಯುದ್ದಕ್ಕೂ ಕಾಕಿಗೆ ಒಂದೇ ಕೆಲಸ. ಚಹಾಕ್ಕೆ ನಿಲ್ಲಿಸಬೇಕೆಂದರೆ ಮೊದಲೇ ಕಿಟಕಿಯಿಂದ ಇಣುಕಿ ಜಾಗ ನೋಡುತ್ತಿದ್ದಳು. "ಮಾಸ್ತರ, ಅಲ್ಲಿ ಬ್ಯಾಡ, ಎದುರಿಗೆ ಗ್ವಾಡಿ ಐತಿ." "ಇಲ್ಲೂ ಬ್ಯಾಡ, ಆ ಎಮ್ಮಿ ಏಳಂಗಿಲ್ಲ." ಹೀಗೆ ಮುಂದೆ ದಾರಿ ಇರುವ ಜಾಗ ಸಿಗುವವರೆಗೆ ಚಹಾದ ಅಂಗಡಿಗಳನ್ನೆಲ್ಲ ದಾಟುತ್ತ ಹೋದೆವು. ಧಾರವಾಡದಲ್ಲಿ ಕುಡಿಯಬೇಕೆಂದ ಚಹಾ ಕಿತ್ತೂರಿನಲ್ಲಿ ಕುಡಿದೆವು. ರಾತ್ರಿ ಬೆಳಗಾವಿಯಲ್ಲಿ ಒಂದು ಖಾನಾವಳಿಯ ಮೇಲಿನ ಕೋಣೆಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ನಿಪ್ಪಾಣಿಯ ದಾರಿ ಹಿಡಿದೆವು.

ನಿಪ್ಪಾಣಿ ದಾಟಿದ ಮೇಲೆ ಗಡಿಯ ಚೆಕ್‌ಪೋಸ್ಟು. ಅಡ್ಡಗಳೆ, ಲಾರಿಗಳ ಸಾಲು. ಕಾರು ಎಂದರೆ ಕೈಬೀಸಿ ಬಿಡುತ್ತಾರೆಂದು ನಾನು ತಿಳಿದಿದ್ದೆ. ಅಲ್ಲಿದ್ದ ಸಾಹೇಬರು ಹರೆಯದವರು, ಮಾತಿನಿಂದ ಮೈಸೂರು ಕಡೆಯವರು ಎಂದು ಗೊತ್ತಾಗುತ್ತಿತ್ತು. ಅವರು ನಂಬರು ನೋಡಿದರು, ನಮ್ಮನ್ನು ನೋಡಿದರು.

"ಮಹಾರಾಷ್ಟ್ರದ ಗಾಡಿ. ನೀವು ಎಲ್ಲಿಯವರು?"

ನಾನು ಬಾಯಿ ತೆರೆಯುವ ಮೊದಲೇ ಅಜ್ಜ ಹೇಳಿದ. "ಗಾಡಿ ಸಾಂಗ್ಲಿದು. ನಾವೂ ಸಾಂಗ್ಲಿಯವರ. ಶಿರಹಟ್ಟಿ."

"ಶಿರಹಟ್ಟಿ ಧಾರವಾಡ ಜಿಲ್ಲೆ ಅಲ್ವಾ?"

"ಅದು ಈಗ್ರಿ," ಎಂದ ಅಜ್ಜ.

ಸಾಹೇಬರು ಅಜ್ಜನನ್ನು ಬಿಟ್ಟು ಕಾಕಿಯ ಕಡೆ ತಿರುಗಿದರು. ಕಾಕಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗಾಡಿ ತನ್ನದು, ತವರಿನಿಂದ ಬಂದದ್ದು, ಬೇಸಿಗೆಯಿಂದ ಮುಂಡರಗಿಯಲ್ಲಿದೆ, ಈಗ ರಿಪೇರಿಗೆ ಹೊರಟಿದೆ. ಸುಳ್ಳು ಹೇಳಿದ್ದರೆ ಎಲ್ಲ ಸಲೀಸಾಗುತ್ತಿತ್ತು. ಬೇಸಿಗೆಯಿಂದ ಎಂದ ಕೂಡಲೇ ಅವರ ಹುಬ್ಬು ಮೇಲೇರಿತು. ಇಷ್ಟು ತಿಂಗಳು ಪರರಾಜ್ಯದ ಗಾಡಿ ಇಲ್ಲಿ ಓಡಿಸಿದ್ದೀರಿ, ಇಲ್ಲಿನ ತೆರಿಗೆ ಕಟ್ಟಿದ ಚೀಟಿ ಎಲ್ಲಿ ಎಂದರು. ನಮ್ಮಲ್ಲಿ ಇರಲಿಲ್ಲ. ಅಂಥದೊಂದು ಇರುತ್ತದೆ ಎನ್ನುವುದೇ ನಮಗೆ ತಿಳಿದಿರಲಿಲ್ಲ. ಊರಿಗೆ ವಾಪಸ್ ಹೋಗಿ ಕಟ್ಟಿಸಿಕೊಂಡು ಬನ್ನಿ ಎಂದರು. ಊರಿಗೆ ಹೋಗಿ ಬರುವುದರೊಳಗೆ ಗ್ಯಾರಂಟಿ ಮುಗಿಯುತ್ತಿತ್ತು. ಗ್ಯಾರಂಟಿ ಮುಗಿದರೆ ಸಾಂಗ್ಲಿಗೆ ಹೋಗುವ ಕಾರಣವೂ ಮುಗಿಯುತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಕಾಕಿ ಹೋಳಿಗೆಯ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದಳು.

"ಗಾಡಿ ಹಿಂದಕ್ಕೆ ತಗೊಳ್ಳಿ. ಲಾರಿಗಳು ನಿಂತಿವೆ," ಎಂದರು ಸಾಹೇಬರು.

"ಹಿಂದಕ್ಕ ಹೋಗಂಗಿಲ್ರಿ," ಎಂದೆ ನಾನು.

ಅವರ ಮುಖ ಕೆಂಪಾಯಿತು. "ಹೋಗಲ್ವಾ? ಯಾರ ಹತ್ರ ಮಾತಾಡ್ತಿದೀರಿ ಗೊತ್ತಾ? ಹಿಂದಕ್ಕೆ ತಗೊಳ್ರೀ."

"ಏನ್ ಮಾಡಿದ್ರೂ ಹೋಗಂಗಿಲ್ರಿ ಸಾಹೇಬ್ರ," ಎಂದು ಇನ್ನಷ್ಟು ವಿನಯದಿಂದ ಹೇಳಿದೆ.

ನಾನು ಹೇಳುತ್ತಿದ್ದದ್ದು ಗಾಡಿಯ ಮಾತು. ಅವರಿಗೆ ಕೇಳುತ್ತಿದ್ದದ್ದು ನನ್ನ ಧಿಮಾಕು. ನಮ್ಮ ಕಡೆಯ ಮಾತಿನಲ್ಲಿ ಯಾರು ಹೋಗುವುದಿಲ್ಲ ಎಂದು ಬಿಡಿಸಿ ಹೇಳುವ ರೂಢಿ ಇಲ್ಲ. ಅವರು ಇಬ್ಬರು ಪೊಲೀಸರನ್ನು ಕರೆದರು. ಆಗ ಅಜ್ಜ ಬಾಗಿಲು ತೆಗೆದು ಇಳಿದು, "ಅಂವಾ ಅಲ್ರಿ, ಗಾಡಿ ಹೋಗಂಗಿಲ್ಲ. ಅದರ ರೋಗಾನ ಅದು. ನೀವ ಕುಂತು ನೋಡ್ರಿ," ಎಂದ.

ಸಾಹೇಬರು ನನ್ನನ್ನು ಇಳಿಸಿ ತಾವೇ ಕೂತರು. ಕಡ್ಡಿ ಎಳೆದರು, ದೂಡಿದರು, ಕ್ಲಚ್ಚು ಒತ್ತಿ ಮತ್ತೆ ಎಳೆದರು. ಹಲ್ಲಿಗೆ ಹಲ್ಲು ತಾಗಿದ ಸದ್ದು ಬಂತೇ ಹೊರತು ಗಾಡಿ ಅಲುಗಲಿಲ್ಲ. ಹಿಂದೆ ಲಾರಿಯವರು ಹಾರ್ನು ಹೊಡೆಯತೊಡಗಿದರು. ದಬ್ಬಿಸೋಣ ಎಂದರೆ ಹಿಂದೆ ಲಾರಿ ಮೂಗು ತಾಗಿಸಿ ನಿಂತಿತ್ತು. ಸಾಹೇಬರು ಸ್ಟಿಯರಿಂಗು ಹಿಡಿದುಕೊಂಡೇ ಹಿಂದೆ ತಿರುಗಿ ಕಾಕಿಯನ್ನು ಕೇಳಿದರು.

"ಇದನ್ನ ರಿಪೇರಿ ಮಾಡಿಸೋಕೇ ಹೋಗ್ತಿರೋದಾ?"

"ಹೌದ್ರಿ."

"ವಾಪಸ್ ಬರುವಾಗ ತೆರಿಗೆ ಕಟ್ಟಬೇಕು. ಅಷ್ಟೊತ್ತಿಗೆ ಹಿಂದಕ್ಕೂ ಹೋಗ್ತಿರುತ್ತೆ, ಆವಾಗ ನಿಮ್ಮನ್ನ ನೋಡ್ಕೋತೀನಿ," ಎಂದು ಇಳಿದರು. ಇಳಿಯುವಾಗ ಅವರು ನಕ್ಕಿದ್ದನ್ನು ನಾನು ನೋಡಿದೆ. ಗಳೆ ಮೇಲೆದ್ದಿತು.

ಗಡಿಯ ಆಚೆಗೂ ಅದೇ ಕಬ್ಬು, ಅದೇ ತಂಬಾಕು. ಹಲಗೆಗಳ ಮೇಲಿನ ಅಕ್ಷರ ಮಾತ್ರ ಬದಲಾದವು. ಮಧ್ಯಾಹ್ನ ಆಗುವಷ್ಟರಲ್ಲಿ ಸಾಂಗ್ಲಿ ಮುಟ್ಟಿದೆವು. ಗ್ಯಾರೇಜಿನ ಮ್ಯಾನೇಜರು ಕಾಕಿಯ ಅಣ್ಣನ ಪರಿಚಯದವನು. ಸಹಿ ಮಾಡಿಸಿಕೊಂಡ, ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿದ. ಮಿಸ್ತ್ರಿ ಗುಂಡಿಗಿಳಿದು ಕೆಳಗಿನಿಂದ ನೋಡಿ, ದೊಡ್ಡ ಕೆಲಸವೇನಲ್ಲ, ಗೇರಿನ ಕಡ್ಡಿಯ ಕೊಂಡಿ ಬಾಗಿದೆ, ಸಂಜೆಯೊಳಗೆ ಆಗುತ್ತದೆ ಎಂದ. ನನಗೆ ಖುಷಿಯಾಯಿತು. ಕಾಕಿಗೆ ಆಗಲಿಲ್ಲ.

ಅವಳು ಕಾರಿನಿಂದ ಇಳಿಯಲೇ ಇಲ್ಲ. ಅವಳ ತವರುಮನೆ ಅಲ್ಲಿಂದ ನಾಲ್ಕು ಓಣಿ ದಾಟಿದರೆ ಸಿಗುತ್ತಿತ್ತು. ಅಜ್ಜ ಹತ್ತಿರ ಹೋಗಿ, "ನಾ ಹೇಳತೀನಿ, ಹೋಗಿ ಬಾ. ಅವಗ ನಾ ಜವಾಬು ಕೊಡತೀನಿ," ಎಂದ.

"ಮಾತು ಕೊಟ್ಟೀನ್ರಿ ಮಾವಾರ. ಅವ್ರಿಗೆ ಕೊಟ್ಟೀನಿ, ನಿಮಗಲ್ಲ," ಎಂದಳು ಕಾಕಿ.

ಹಿಂದಕ್ಕೆ ಹೋಗದಿರುವುದು ಈ ಮನೆಯಲ್ಲಿ ಕಾರಿಗೊಂದೇ ಅಲ್ಲ ಎಂದು ನನಗೆ ರೇಗಿತು. ಕಾಕಾನ ಮೇಲೆ ಬಂದ ಸಿಟ್ಟು ಇನ್ನೂ ದೊಡ್ಡದು. ಅಷ್ಟರಲ್ಲಿ ಮ್ಯಾನೇಜರು ಸುದ್ದಿ ಕಳಿಸಿದ್ದನೋ ಏನೋ, ಕಾಕಿಯ ಅಣ್ಣ ಸ್ಕೂಟರಿನ ಮೇಲೆ ಬಂದ. ಅಜ್ಜನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅಜ್ಜ ಹೊಸ್ತಿಲಿನ ಶರತ್ತನ್ನು ಅವನ ಕಿವಿಗೆ ಹಾಕಿದ. ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದು, ಟೈರು ಒತ್ತಿ ನೋಡಿ, ನನ್ನನ್ನು ಕೇಳಿದ.

"ಗಾಡಿ ಹೆಂಗ ಐತಿ?"

ಕಾಕಿ ಒಳಗಿನಿಂದ ನನಗೇ ಹೇಳಿದಳು. "ಮಾಸ್ತರ, ಅವ್ವ ಹೆಂಗ ಅದಾಳ ಕೇಳು."

ನಾನು ಕೇಳಬೇಕಾಗಲಿಲ್ಲ. ಅವನು ನೆಲ ನೋಡುತ್ತ, "ಅದಾಳ. ಮೊಣಕಾಲ ಬ್ಯಾನಿ," ಎಂದ. ಮನಿಗೆ ಬಾ ಎಂದು ಒಂದು ಮಾತು ಅಂದಿದ್ದರೆ ಕರೆದಂತಾಗುತ್ತಿತ್ತು. ಅವನು ಅನ್ನಲಿಲ್ಲ. ಸ್ಕೂಟರು ಹತ್ತಿ ಹೋಗಿಬಿಟ್ಟ. ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡು, ಡಬ್ಬಿಯ ಮುಚ್ಚಳ ಸರಿಯಾಗಿದೆಯೋ ಇಲ್ಲವೋ ಎಂದು ನೋಡುತ್ತ ಕೂತಳು.

ಸ್ವಲ್ಪ ಹೊತ್ತಿಗೆ ಗ್ಯಾರೇಜಿನ ಗೇಟಿಗೆ ಒಂದು ಟಾಂಗಾ ಬಂದು ನಿಂತಿತು. ಕಾಕಿಯ ಅಣ್ಣ ತಾಯಿಯನ್ನು ಎತ್ತಿ ಇಳಿಸಿದ. ಅವನು ಅಲ್ಲೇ ಗೇಟಿನ ಹೊರಗೆ ನಮಗೆ ಬೆನ್ನು ಮಾಡಿ ನಿಂತ. ಮುದುಕಿ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಟ್ಟೆಯ ಗಂಟು ಹಿಡಿದು, ಎಣ್ಣೆ ಚೆಲ್ಲಿದ ನೆಲದ ಮೇಲೆ ನಿಂತು ನಿಂತು ಬಂದರು. ಅಜ್ಜ ಎದ್ದು, "ಬರ್ರಿ ಬೀಗತಿಯಾರ," ಎಂದು ಕಾರಿನ ಬಾಗಿಲು ತೆಗೆದ. ಗುಂಡಿಯ ಅಂಚಿನಿಂದ ಅವರನ್ನು ಹತ್ತಿಸಲು ನಾನೂ ಮಿಸ್ತ್ರಿಯೂ ಕೈ ಕೊಡಬೇಕಾಯಿತು.

"ನೀ ಹೊಸ್ತಲಾ ತುಳ್ಯಂಗಿಲ್ಲ ಅಂದ್ಯಂತಲ್ಲ. ಗಾಡಿಗೆ ಹೊಸ್ತಲಾ ಎಲ್ಲೈತಿ?" ಎಂದು ಮುದುಕಿ ಮಗಳ ಪಕ್ಕದಲ್ಲಿ ಕೂತರು. ಕಾಕಿ ಅಲ್ಲಿಯವರೆಗೆ ತಡೆದದ್ದೆಲ್ಲ ಒಡೆದು ಬಂತು. ಅಜ್ಜ ಮುಖ ತಿರುಗಿಸಿಕೊಂಡ. ನಾನು ತಿರುಗಿಸಿಕೊಳ್ಳಲಿಲ್ಲ. ನೋಡುವ ಚಟ ನನ್ನದು.

ಡಬ್ಬಿ ತೆರೆಯಿತು. ಮುದುಕಿ ಹೋಳಿಗೆ ಮುರಿದು, ಒಂದು ತುತ್ತು ತಾವು ತಿಂದು ಒಂದನ್ನು ಮಗಳ ಬಾಯಿಗೆ ಇಟ್ಟರು. ಕೆಳಗೆ ಗುಂಡಿಯಲ್ಲಿ ಮಿಸ್ತ್ರಿ ಕಬ್ಬಿಣ ಬಡಿಯುತ್ತಿದ್ದ. ಮೇಲೆ ಅವರು ಪಂಚಮಿಯಿಂದ ಉಳಿದ ಮಾತುಗಳನ್ನೆಲ್ಲ ಆಡಿದರು. ಆಮೇಲೆ ಮುದುಕಿ ಗಂಟು ಬಿಚ್ಚಿದರು. ಅಕ್ಕಿ, ಕೊಬ್ಬರಿ, ಅರಿಶಿನ ಕುಂಕುಮ, ಒಂದು ಕುಪ್ಪಸದ ಖಣ. ತವರಿನಿಂದ ಹೊರಡುವ ಮಗಳ ಮಡಿಲಿಗೆ ಇವನ್ನು ಹಾಕಿ, ಉಡಿ ತುಂಬಿ ಕಳಿಸುವುದು ಪದ್ಧತಿ. ಉಡಿ ತುಂಬಿದ ಮೇಲೆ ಮಗಳು ಎದ್ದು ಹೊರಡಬೇಕು. ಅದಕ್ಕೇ ಇರಬೇಕು, ಮುದುಕಿ ಅಕ್ಕಿಯನ್ನು ಅಷ್ಟು ನಿಧಾನವಾಗಿ, ಚೂರು ಚೂರೇ ಹಾಕುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಮಿಸ್ತ್ರಿ ಮೇಲೆ ಬಂದ. ಕಿಟಕಿಯಿಂದ ಕೈ ಹಾಕಿ ಕಡ್ಡಿ ಎಳೆದ. ಗೇರು ಬೆಣ್ಣೆಯಲ್ಲಿ ಬಿದ್ದ ಹಾಗೆ ಬಿತ್ತು. "ತಯಾರ್," ಎಂದ. ಮ್ಯಾನೇಜರು ಗಾಡಿ ಹೊರಗೆ ತೆಗೆಯಿರಿ, ಇನ್ನೊಂದು ಕಾದು ನಿಂತಿದೆ ಎಂದು ಕೂಗಿದ.

ಮುದುಕಿ ಕೈಯಲ್ಲಿ ಅಕ್ಕಿ ಹಿಡಿದುಕೊಂಡೇ ಕಿಟಕಿಯಿಂದ ಬಗ್ಗಿ ಮಿಸ್ತ್ರಿಗೆ ಮರಾಠಿಯಲ್ಲಿ ಏನೋ ಹೇಳಿದರು. ನನಗೆ ಅಷ್ಟು ಮರಾಠಿ ಬರುತ್ತಿತ್ತು. ಇಷ್ಟು ದೂರದಿಂದ ಬಂದ ಗಾಡಿ, ಇನ್ನೂ ಎಲ್ಲಾದರೂ ಏನಾದರೂ ಕೆಟ್ಟಿರುತ್ತದೆ, ಸರಿಯಾಗಿ ನೋಡಪ್ಪಾ ಎಂದು ಕೇಳುತ್ತಿದ್ದರು.

ಮಿಸ್ತ್ರಿ ಅವರನ್ನು ನೋಡಿದ, ಕಾಕಿಯನ್ನು ನೋಡಿದ. ಮ್ಯಾನೇಜರಿಗೆ, ಇನ್ನೂ ಹೊತ್ತು ಹಿಡಿಯುತ್ತದೆ ಎಂದು ಕೂಗಿ ಹೇಳಿ ಮತ್ತೆ ಗುಂಡಿಗೆ ಇಳಿದ. ಏನು ಕೆಟ್ಟಿದೆ ಎಂದು ತಿಳಿಯಲು ನಾನು ಬಗ್ಗಿ ನೋಡಿದೆ. ಅವನು ಸ್ಪ್ಯಾನರು ಪಕ್ಕಕ್ಕಿಟ್ಟು, ಗುಂಡಿಯ ಗೋಡೆಗೆ ಒರಗಿ, ಸುಮ್ಮನೆ ಕೂತಿದ್ದ.